ಚಿಗವ್ವನ ಕಾಲ್ಬೆರಳು

ನಾನು ನರ್ಸ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹನ್ನೊಂದು ವರ್ಷ ನಾನು ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನನ್ನ ಕೆಲಸ. ಅವರಿಗೆ ಸ್ನಾನ ಮಾಡಿಸುತ್ತೇನೆ, ಉಣಿಸುತ್ತೇನೆ, ಒದ್ದೆಯಾದ ಹಾಸಿಗೆ ಬದಲಿಸುತ್ತೇನೆ. ಅಲ್ಲಿ ನರ್ಸ್ ಬೇರೆಯೇ ಇದ್ದಾಳೆ. ಹುಬ್ಬಳ್ಳಿಗೆ ನರ್ಸಿಂಗ್ ಓದಲು ಹೋದವಳು ಎರಡನೆಯ ವರ್ಷ ಎರಡು ಸಲ ನಪಾಸಾದೆ. ಊರಿಗೆ ಸುದ್ದಿ ಮುಟ್ಟಿಸದೆ ಆರು ತಿಂಗಳ ಬೇರೊಂದು ಕೋರ್ಸು ಮುಗಿಸಿ ವಿಮಾನ ಹತ್ತಿದೆ. ಖಾನಾಪುರದಲ್ಲಿ ಚಿಗವ್ವ 'ನಮ್ಮ ಹುಡುಗಿ ನರ್ಸ್ ಆದ್ಲು' ಎಂದು ಓಣಿಗೆಲ್ಲ ಪೇಢೆ ಹಂಚಿದಳು. ನಾನು ಸುಮ್ಮನಿದ್ದೆ.

ಚಿಗವ್ವ ನನ್ನ ಅವ್ವನ ತಂಗಿ. ಅವ್ವ ತೀರಿಕೊಂಡ ವಾರವೇ ನಮ್ಮೂರು ಪಾರಿಶ್ವಾಡಕ್ಕೆ ಬಂದು ನನ್ನ ಬಟ್ಟೆಗಂಟು ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹೋದವಳು. ಅವಳ ಮಗ ಈಗ ಬಸ್ ಕಂಡಕ್ಟರ್. ನನಗೆ ತಮ್ಮ ಅಂದರೆ ಅವನೇ.

ಕಳೆದ ವರ್ಷ ಮೂರು ವಾರದ ರಜೆಗೆ ಬಂದಿದ್ದೆ. ಬಂದ ಮರುದಿನ ಬೆಳಿಗ್ಗೆ ಚಿಗವ್ವ ನಳದ ಹತ್ತಿರ ಕಾಲು ತೊಳೆಯುತ್ತಿದ್ದಾಗ ಕಿರುಬೆರಳಿನ ಬುಡದಲ್ಲಿ ಒಂದು ಗಾಯ ಕಂಡಿತು. ಅವಳಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ.

"ಚಪ್ಪಲಿ ಕಡದೈತಿ ಅಷ್ಟ. ನೋವೇನಿಲ್ಲ," ಅಂದಳು.

ತಮ್ಮ ಬಗ್ಗಿ ನೋಡಿದ. "ನಾಳೆ ರಜಾ ಹಾಕ್ತೀನಿ. ಬೆಳಗಾವಿಗಿ ಹೋಗಿ ದೊಡ್ಡ ದವಾಖಾನ್ಯಾಗ ತೋರಿಸ್ಕೊಂಡು ಬರೂಣು. ಅಕ್ಕಾ, ನೀನೂ ಬಾ. ಡಾಕ್ಟರ್ ಕೂಡ ನೀ ಮಾತಾಡಿದ್ರ ಚಲೋ."

ಡಾಕ್ಟರ ಎದುರು ನನ್ನನ್ನು ನರ್ಸ್ ಅಂತ ನಿಲ್ಲಿಸುತ್ತಾರೆ, ಅವರು ಏನಾದರೂ ಕೇಳುತ್ತಾರೆ, ನಾನು ತಡವರಿಸುತ್ತೇನೆ. ನನ್ನ ತಲೆಯಲ್ಲಿ ಬಂದದ್ದು ಇಷ್ಟೇ. ಚಿಗವ್ವನ ಕಾಲು ಬರಲಿಲ್ಲ.

"ಇಷ್ಟಕ್ಕ ಬೆಳಗಾವಿ ಯಾಕೋ? ನಾ ಇಲ್ಲೇನು? ಎರಡ್ ದಿನದಾಗ ಒಣಗತೈತಿ," ಅಂದೆ.

ನನಗೆ ಗೊತ್ತಿರಲಿಲ್ಲ ಅನ್ನುವಂತಿಲ್ಲ. ನನ್ನ ಕೆಲಸದ ಮೊದಲ ನಿಯಮವೇ ಅದು: ಚರ್ಮದ ಮೇಲೆ ಸಣ್ಣ ಕೆಂಪು ಕಂಡರೂ ಕೂಡಲೇ ನರ್ಸ್‌ಗೆ ಹೇಳಬೇಕು, ನಾವೇ ತೀರ್ಮಾನ ಮಾಡಬಾರದು. ಸಕ್ಕರೆ ಕಾಯಿಲೆಯವರು ಕಾಲು ನೋಯುವುದಿಲ್ಲ ಅಂದರೆ ಅಲ್ಲಿನ ನರ್ಸ್ ಹೆಚ್ಚು ಗಾಬರಿಯಾಗುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದೆ.

ಒಂದು ವಾರ ದಿನಾ ಗಾಯ ತೊಳೆದು, ಅಲ್ಲಿಂದ ತಂದ ಮುಲಾಮು ಹಚ್ಚಿ, ಬಿಳಿ ಪಟ್ಟಿ ಕಟ್ಟಿದೆ. ಓಣಿಯ ಹೆಂಗಸರು ಬಂದು ಕೂತು ನನ್ನ ಕೈಗವಸು ನೋಡುತ್ತಿದ್ದರು. ಅವರು ನೋಡುವುದು ನನಗೆ ಹಿತವಾಗಿತ್ತು, ಅದನ್ನೂ ಹೇಳಬೇಕು. ಎಂಟನೆಯ ದಿನ ಪಟ್ಟಿ ಬಿಚ್ಚಿದಾಗ ಬೆರಳು ಕಪ್ಪಾಗಿತ್ತು. ವಾಸನೆ ಬರುತ್ತಿತ್ತು. ಚಿಗವ್ವನಿಗೆ ಚಳಿಜ್ವರ.

ಬಾಡಿಗೆ ಕಾರಿನಲ್ಲಿ ಬೆಳಗಾವಿಗೆ ಹೊರಟೆವು. ದಾರಿಯುದ್ದಕ್ಕೂ ಅವಳ ಕಾಲು ನನ್ನ ತೊಡೆಯ ಮೇಲಿತ್ತು. ಮುಂದಿನ ಸೀಟಿನಲ್ಲಿದ್ದ ತಮ್ಮ ಒಂದೇ ಸಲ ಹೊರಳಿ ನೋಡಿ, "ಅಂಜಬ್ಯಾಡ ಅವ್ವಾ, ಅಕ್ಕ ಅದಾಳ," ಅಂದ.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಪಟ್ಟಿ ಬಿಚ್ಚುತ್ತ ಕೇಳಿದರು: "ಭಾಳ ನೀಟಾಗಿ ಕಟ್ಟ್ಯಾರಲ್ಲ, ಯಾರ್ ಕಟ್ಟಿದ್ರಿ?"

"ನಮ್ಮಕ್ಕಾರಿ. ಇಂಗ್ಲೆಂಡಿನ್ಯಾಗ ನರ್ಸ್ ಅದಾಳ್ರಿ," ಅಂದ ತಮ್ಮ.

ಡಾಕ್ಟರ ಮುಖದಲ್ಲಿ ಗೌರವ ಬಂತು. ನನಗೆ ಕುರ್ಚಿ ತೋರಿಸಿದರು. "ಕುಂದರ್ರಿ ಸಿಸ್ಟರ್. ಶುಗರ್ ಎಷ್ಟ್ ಇತ್ತು? ಪಾದದ ನಾಡಿ ಸಿಗ್ತಿತ್ತೇನು?"

"ನೋಡಿಲ್ರಿ."

"ಯಾವುದನ್ನ ನೋಡಿಲ್ಲ?"

"ಎರಡೂ."

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ತಮ್ಮನೂ ನೋಡಿದ. ಆಗಲಾದರೂ ಹೇಳಬಹುದಿತ್ತು. ನಾನು ಅಂದದ್ದು: "ನಮ್ಮ ಇಂಗ್ಲೆಂಡ್ ಕಡೆ ಪದ್ಧತಿ ಬ್ಯಾರೆ ಐತ್ರಿ."

ಆ ಮಾತು ಈಗ ನೆನೆದರೂ ಮೈ ಹಿಡಿಯಾಗುತ್ತದೆ. ಡಾಕ್ಟರ್ ಆಮೇಲೆ ಹೇಳಿದ್ದನ್ನೆಲ್ಲ ತಮ್ಮನಿಗೇ ಹೇಳಿದರು. "ಒಂದ್ ವಾರ ಮೊದ್ಲ ಬಂದಿದ್ರ ಬೆರಳು ಉಳೀತಿತ್ತು. ಈಗ ತಗೀಲೇಬೇಕು."

ಮರುದಿನ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು.

ಮೂರನೆಯ ದಿನ ಮಧ್ಯಾಹ್ನ ತಮ್ಮ ಊಟಕ್ಕೆ ಇಳಿದಿದ್ದ. ಚಿಗವ್ವ ಎಚ್ಚರವಾಗಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಗಿ, "ಚಿಗವ್ವಾ, ನಾ ನರ್ಸ್ ಅಲ್ಲ," ಅಂದೆ.

"ಏನಂದಿ?"

ನಪಾಸಾದದ್ದು, ಅಲ್ಲಿ ಮಾಡುವ ಕೆಲಸ, ಬೆಳಗಾವಿಗೆ ಬೇಡ ಅಂದದ್ದು ಯಾಕೆ ಅನ್ನುವುದು, ಎಲ್ಲ ಹೇಳಿದೆ.

"ನಪಾಸ್ ಆದೆ ಅಂತ ಅವತ್ತ ಹೇಳಿದ್ರ ನಾ ನಿನ್ನ ಮನಿಯಿಂದ ಹೊರಗ ಹಾಕ್ತಿದ್ನೇನ?" ಅಂದಳು.

ನನಗೆ ಅಳು ತಡೆಯಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನನಗ ಸಂಡಾಸಕ್ಕ ಬಂದೈತಿ. ಆಯಾನ್ನ ಕರಿ," ಅಂದಳು.

ಆಯಾಳನ್ನು ಕರೆಯಲಿಲ್ಲ. ಪರದೆ ಎಳೆದು, ಅವಳನ್ನು ಮಗ್ಗುಲಿಗೆ ಹೊರಳಿಸಿ, ಪಾತ್ರೆ ಇಟ್ಟೆ. ಆಮೇಲೆ ಬಿಸಿನೀರಿನಿಂದ ಒರೆಸಿದೆ. ಇದು ನನಗೆ ಚೆನ್ನಾಗಿ ಬರುವ ಕೆಲಸ. ಆದರೆ ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು, ಅಂಚಿನಿಂದ ನೀರು ಇಳಿಯುತ್ತಿತ್ತು. ನನ್ನನ್ನು ಬೆಳೆಸಿದವಳು ನನ್ನ ಕೈಯಲ್ಲಿ ಹಾಗೆ ನಾಚಿಕೊಳ್ಳುವಂತೆ ಮಾಡಿದವಳೂ ನಾನೇ.

ಪರದೆ ಸರಿಸಿದಾಗ ಪಕ್ಕದ ಹಾಸಿಗೆಯ ಅಜ್ಜಿ ಮರಾಠಿಯಲ್ಲಿ, ಇವಳು ನಿಮ್ಮ ಮಗಳೇನು ಎಂದು ಕೇಳಿದಳು. ಚಿಗವ್ವ ಮರಾಠಿಯಲ್ಲೇ ಉತ್ತರ ಕೊಟ್ಟಳು. ಹೌದು, ಮಗಳೇ, ಪರದೇಶದಲ್ಲಿ ನರ್ಸ್ ಇದ್ದಾಳೆ ಅಂದಳು. ನನ್ನ ಕಡೆ ನೋಡಲಿಲ್ಲ. ನನ್ನ ಮಾನ ಕಾಯಲು ಅಂದಳೋ, ತನ್ನದನ್ನೋ, ನನಗೆ ಇನ್ನೂ ತಿಳಿದಿಲ್ಲ.

ತಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ರಜೆ ಮುಗಿಸಿ ವಾಪಸು ಬಂದು ಎರಡು ತಿಂಗಳಾದ ಮೇಲೆ ಫೋನಿನಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿದ. "ಡಾಕ್ಟರ್ ಮುಂದ ನಾ ಎದಿ ಉಬ್ಬಿಸಿ ಹೇಳಿದ್ನಲ್ಲಕ್ಕಾ," ಅಂದ. ಆಮೇಲೆ ಡ್ಯೂಟಿಗೆ ಹೊತ್ತಾಯಿತು ಅಂತ ಫೋನ್ ಇಟ್ಟ. ಮೂರು ತಿಂಗಳು ಮಾಡಲಿಲ್ಲ. ನಾನು ಮಾಡಿದರೆ ಚಿಗವ್ವನ ಕೈಗೆ ಕೊಡುತ್ತಿದ್ದ.

ಚಿಗವ್ವ ಈಗ ಮೆತ್ತನೆಯ ಬೂಟು ಹಾಕಿಕೊಂಡು ಸಂತೆಗೆ ಹೋಗಿಬರುತ್ತಾಳೆ, ಸ್ವಲ್ಪ ಎಡಕ್ಕೆ ವಾಲುತ್ತಾಳಂತೆ. ಇದನ್ನು ಹೇಳಿದವನು ತಮ್ಮನೇ. ಮೊನ್ನೆ ತಾನಾಗಿ ಫೋನ್ ಮಾಡಿದ್ದ. ಅಷ್ಟು ಹೇಳಿ, ನಾನು ಏನಾದರೂ ಅನ್ನಲಿ ಎಂದು ಕಾದ. "ದಿನಾ ಕಾಲ್ ನೋಡ್ತೀ ಇಲ್ಲೋ?" ಅಂದೆ. "ನೋಡ್ತೀನಿ," ಅಂದ.