ಪೇಂಟರ್ ಗುತ್ತೆಪ್ಪ ದ್ವೀಪ ನೋಡಿದ್ದು

ನಮ್ಮ ಗೇಮಿಂಗ್ ಸೆಂಟರಿನ ಗೋಡೆಗೆ ಫ್ಲೆಕ್ಸ್ ನಿಲ್ಲುತ್ತಿರಲಿಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿರುವ ಆ ಕಟ್ಟಡ ತಾತನ ಕಾಲದ ಒಣಮೆಣಸಿನಕಾಯಿ ಗೋದಾಮು. ಅಪ್ಪ ವ್ಯಾಪಾರವನ್ನು ಮಾರ್ಕೆಟ್ ಯಾರ್ಡಿಗೆ ಸಾಗಿಸಿದ ಮೇಲೆ ಖಾಲಿ ಬಿದ್ದಿತ್ತು. ಎಂ.ಸಿ.ಎ. ಮುಗಿಸಿದ ನಾನು ಅದರಲ್ಲಿ ಹನ್ನೆರಡು ಕಂಪ್ಯೂಟರ್ ಇಟ್ಟು, ಜನ ಬಂದು ಆನ್‌ಲೈನ್ ಆಟ ಆಡುವ ಜಾಗ ಮಾಡಿದೆ. ಹೊಸದಾಗಿ ಒಳಗೆ ಬಂದವರು ಇವತ್ತಿಗೂ ಎರಡು ಸಲ ಸೀನಿಯೇ ಕೂರುತ್ತಾರೆ. ಘಾಟು ಗೋಡೆಯೊಳಗೇ ಉಳಿದುಬಿಟ್ಟಿದೆ. ಕಲ್ಲು ಗಾರೆಯ ಆ ಗೋಡೆಗೆ ಎರಡು ಸಲ ಫ್ಲೆಕ್ಸ್ ಅಂಟಿಸಿದೆವು. ಎರಡು ಸಲವೂ ಮೊದಲ ಮಳೆಗೇ ಕಿತ್ತು ಜೋತುಬಿತ್ತು.

“ಕೈಲೇ ಬರೆಸಿಬಿಡು ಪೂಜಾ,” ಎಂದರು ಅಪ್ಪ. “ನಮ್ಮ ಹಳೇ ಬೋರ್ಡ್ ಬರ್ದಾನಲ್ಲ, ಗುತ್ತೆಪ್ಪ. ಇಪ್ಪತ್ತೆಂಟು ವರ್ಷ ಆತು, ಒಂದಕ್ಷರ ಮಾಸಿಲ್ಲ.”

ಹಾಗೆ ಗುತ್ತೆಪ್ಪನವರು ಬಂದರು. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯವರು. ಅರವತ್ತೆರಡರ ವಯಸ್ಸು, ಉದ್ದನೆಯ ಒಣಕಲು ದೇಹ. ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ ಭತ್ತದ ಗದ್ದೆ ಬಿಟ್ಟು ದಾವಣಗೆರೆಗೆ ಓಡಿಬಂದು, ಮಕ್ತುಮ್ ಸಾಬ್ ಎಂಬ ಪರದೆ ಪೇಂಟರ್ ಹತ್ತಿರ ಸೇರಿದವರು. ಹಳ್ಳಿ ನಾಟಕಗಳಿಗೆ ಬಾಡಿಗೆಗೆ ಹೋಗುವ ಕಾಡಿನ ಪರದೆ, ಅರಮನೆ ಪರದೆ, ಬೀದಿ ಪರದೆಗಳೆಲ್ಲ ಆ ಸಾಬರ ಕೈಯಲ್ಲೇ ತಯಾರಾಗುತ್ತಿದ್ದವು. ಮೊದಲ ಎರಡು ವರ್ಷ ಗುತ್ತೆಪ್ಪನವರು ಮಾಡಿದ್ದು ಬಣ್ಣ ಅರೆಯುವ, ಬ್ರಷ್ ತೊಳೆಯುವ ಕೆಲಸ. ಮೂರನೇ ವರ್ಷ ಮರದ ಎಲೆ ಬರೆಯಲು ಬಿಟ್ಟರಂತೆ. “ಎಲೆ ಬರೀಬ್ಯಾಡ, ಎಲೆ ನಡುವಿನ ಬೆಳಕು ಬರಿ,” ಎಂದು ಸಾಬರು ಬೆನ್ನ ಹಿಂದೆ ನಿಂತು ಹೇಳುತ್ತಿದ್ದರಂತೆ.

ಆಮೇಲೆ ಸ್ವಂತವಾಗಿ ಅಂಗಡಿ ಬೋರ್ಡುಗಳು, ಲಾರಿ ಹಿಂಬದಿಯ ಹದ್ದುಗಳು, ಶಾಲೆ ಗೋಡೆಯ ನಕ್ಷೆಗಳು. ಫ್ಲೆಕ್ಸ್ ಬಂದ ಮೇಲೆ ಕೆಲಸ ಅರ್ಧಕ್ಕಿಳಿಯಿತು. ನಾಲ್ಕು ವರ್ಷದ ಹಿಂದೆ ಹರಿಹರದಲ್ಲಿ ಬೋರ್ಡ್ ಬರೆಯುವಾಗ ಎರಡನೇ ಮಹಡಿಯ ಸಾರುವೆ ಕಂಬಗಳ ಮೇಲಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಪೂರಾ ನಿಂತುಹೋಯಿತು. ಊರಿಗೆ ಹೋಗಿ, ಹೆಂಡತಿ ಅಂಜಿನವ್ವನ ಜೊತೆ ಗದ್ದೆ ನೋಡಿಕೊಂಡು, ಯಾರಾದರೂ ಕೇಳಿದರೆ ಟ್ರ್ಯಾಕ್ಟರಿನ ಮೇಲೆ ಹೆಸರು ಬರೆದುಕೊಂಡು ಇದ್ದರು.

ಬಂದವರು ಗೋಡೆಯನ್ನು ಅಂಗೈಯಿಂದ ಸವರಿದರು. “ಗೋಡೆ ಚಲೋ ಐತೆ ತಾಯಿ. ಬಣ್ಣ ಕುಡಿತೈತೆ. ಏನು ಬರೀಬೇಕು?”

ನಾನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. ನಮ್ಮಲ್ಲಿ ಎಲ್ಲರೂ ಹೆಚ್ಚಾಗಿ ಆಡುವ ಆಟದ್ದು. ಅದರ ಇಂಗ್ಲಿಷ್ ಹೆಸರು ಉದ್ದ, ಹಾಗಾಗಿ ಎಲ್ಲರೂ ‘ದ್ವೀಪ’ ಎನ್ನುತ್ತಾರೆ. ಮಂತ್ರವಾದಿಗಳು, ರಾಕ್ಷಸರು, ಮಾತಾಡುವ ಮರಗಳಿರುವ ಒಂದು ಲೋಕ. ಯಾವ ಯಾವುದೋ ದೇಶದವರು ತಮ್ಮದೊಂದು ಗೊಂಬೆ ಮಾಡಿಕೊಂಡು ಅದರಲ್ಲಿ ಏಕಕಾಲಕ್ಕೆ ಓಡಾಡುತ್ತಿರುತ್ತಾರೆ. ಎಲ್ಲವೂ ಮಕ್ಕಳ ಕಾರ್ಟೂನಿನಂತೆ: ದೊಡ್ಡ ತಲೆ, ಪುಟ್ಟ ಕಾಲು, ಹತ್ತಿ ಉಂಡೆಯಂಥ ಮರಗಳು.

ಗುತ್ತೆಪ್ಪನವರು ಮೊಬೈಲನ್ನು ತೋಳುದ್ದ ದೂರ ಹಿಡಿದು ನೋಡಿದರು. “ಈ ಗುಡ್ಡದ ಹಿಂದೆ ಏನೈತೆ?”

“ಹಿಂದೆ ಒಂದು ಊರೈತ್ರಿ. ನಡ್ಕೊಂಡು ಹೋಗಿ ನೋಡಬಹುದು.”

ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. “ಚಿತ್ರದಾಗ ಯಾರಾರ ನಡ್ಕೊಂಡು ಹೋಗ್ತಾರೇನವ್ವಾ?”

“ಬರ್ರಿ, ಕೂಡ್ರಿ,” ಎಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ.

ಮೊದಲು ಗೊಂಬೆ ಮಾಡಿಕೊಳ್ಳಬೇಕು. ಕತ್ತಿ ಹಿಡಿಯುವವನೋ, ಬಿಲ್ಲುಗಾರನೋ, ವೈದ್ಯನೋ ಎಂದು ಆಟ ಕೇಳುತ್ತದೆ. ವೈದ್ಯ ಎಂದರು. ಆಮೇಲೆ ಮುಖ. ನಮ್ಮ ಗಿರಾಕಿಗಳು ಎರಡು ನಿಮಿಷದಲ್ಲಿ ಮುಗಿಸುವ ಈ ಕೆಲಸಕ್ಕೆ ಗುತ್ತೆಪ್ಪನವರು ಒಂದೂವರೆ ತಾಸು ತೆಗೆದುಕೊಂಡರು. ಹುಬ್ಬನ್ನು ಒಂದು ಗೆರೆ ಮೇಲೆ, ಮೂಗನ್ನು ಒಂದು ಗೆರೆ ಕೆಳಗೆ. ಎಲ್ಲರೂ ಇಪ್ಪತ್ತು ವರ್ಷದ ಚೆಲುವರನ್ನು ಮಾಡಿಕೊಂಡರೆ ಇವರು ಬಿಳಿಮೀಸೆಯ, ಹಸಿರು ರುಮಾಲಿನ ಮುದುಕನನ್ನು ಮಾಡಿದರು. ಹೆಸರು? “ಗುತ್ತೆಪ್ಪ ಅಂತಾನೇ ಹಾಕು.” ಆ ಹೆಸರನ್ನು ಲೋಕದಲ್ಲಿ ಬೇರೆ ಯಾರೂ ತೆಗೆದುಕೊಂಡಿರಲಿಲ್ಲ.

ಆಟ ಶುರುವಾಗುವುದು ದೋಣಿಯಲ್ಲಿ. ಮಂಜು ಸರಿದಾಗ ಒಂದು ಬಂದರು ಕಾಣುತ್ತದೆ, ಕೆಂಪು ಹೆಂಚುಗಳು, ಹಿಂದೆ ಗುಡ್ಡ, ಅದರ ಮೇಲೆ ಬೆಳಗಿನ ಬಿಸಿಲು. ಗುತ್ತೆಪ್ಪನವರು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಇಷ್ಟವಾಗಲಿಲ್ಲವೇನೋ ಎಂದು ನನಗೆ ಪಿಚ್ಚೆನಿಸಿತು.

“ಕರಿ ಬಣ್ಣಾನೇ ಹಾಕಿಲ್ಲ,” ಎಂದರು ಕೊನೆಗೆ.

“ಏನಂದ್ರಿ?”

“ನೋಡು, ಮರದ ಕೆಳಗೆ ನೆರಳು ನೀಲಿ. ಗೋಡೆ ಸಂದಿ ಬದನೆಕಾಯಿ ಬಣ್ಣ. ಎಲ್ಲೂ ಕರಿ ಇಲ್ಲ. ಅದಕ್ಕೇ ಇಷ್ಟು ಬೆಳಕು. ನಾವು ನೆರಳು ಅಂದ್ರೆ ಕರಿ ಅನ್ಕೊಂಡು ನಲವತ್ತು ವರ್ಷ ಬಳ್ದೀವಲ್ಲವ್ವಾ.”

ನಾನು ಆ ಆಟವನ್ನು ಮೂರು ವರ್ಷದಿಂದ ಆಡುತ್ತಿದ್ದೆ. ನೆರಳಿನ ಬಣ್ಣ ನೋಡಿದ್ದು ಅವತ್ತೇ ಮೊದಲು.

ಮರುದಿನದಿಂದ ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಐದರ ಬಸ್ಸಿಗೆ ಹೋಗುವುದು ರೂಢಿಯಾಯಿತು. ನಡೆಯಲು ಕಲಿತರು. ಎರಡು ಸಲ ಸಮುದ್ರಕ್ಕೆ ಬಿದ್ದರು. ಆಟದಲ್ಲಿ ಎಲ್ಲರೂ ರಾಕ್ಷಸರನ್ನು ಹೊಡೆದು ಮುಂದಿನ ಹಂತಕ್ಕೆ ಹೋಗಲು ಒದ್ದಾಡಿದರೆ ಇವರು ಹೊಡೆಯುವ ಗೋಜಿಗೇ ಹೋಗಲಿಲ್ಲ. ಹಲ್ಲಿರುವ ಅಣಬೆಯೊಂದು ಮೈಮೇಲೆ ಬಂದರೆ, ಹಲ್ಲು ಹೇಗೆ ಬರೆದಿದ್ದಾರೆ ಎಂದು ನಿಂತು ನೋಡುತ್ತಿದ್ದರು. ಅದು ಇವರನ್ನು ಕೊಂದುಹಾಕುತ್ತಿತ್ತು. ಮತ್ತೆ ಬಂದರಿನಲ್ಲಿ ಹುಟ್ಟುತ್ತಿದ್ದರು. “ಇವತ್ತು ಆರು ಸಲ ಸತ್ತೆ ತಾಯಿ,” ಎಂದು ಚಹಾ ಕುಡಿಯುತ್ತಾ ನಗುತ್ತಿದ್ದರು.

ಒಂದು ದಿನ ಜೋರಾಗಿ ಕೂಗಿ ಕರೆದರು. ಹೋಗಿ ನೋಡಿದರೆ ಅವರ ಮುದುಕ ಒಂದು ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. “ಇಲ್ಲಿಗೆ ಯಾರು ಬರ್ತಾರೆ ಹೇಳು? ಯಾರೂ ಬರಲ್ಲ. ಆದ್ರೂ ಕಲ್ಲಿಗೆ ಪಾಚಿ ಬರ್ದಾನೆ. ಪಾಚಿ ಮ್ಯಾಲೆ ನೀರಿನ ಹೊಳಪು ಬರ್ದಾನೆ. ನಮ್ಮ ಪರದೆಯಾಗ ಜನಕ್ಕೆ ಕಾಣದ ಕಡೆ ಬಟ್ಟೆ ಹಂಗೇ ಬಿಡ್ತಿದ್ವಿ. ಈ ಪುಣ್ಯಾತ್ಮ ಬಿಟ್ಟಿಲ್ಲ.”

ಎಲ್ಲವನ್ನೂ ಹೊಗಳಿದರೆಂದಲ್ಲ. ಹೆಂಗಸರ ಗೊಂಬೆಗಳನ್ನು ನೋಡಿ, “ಹೆಣ್ಮಕ್ಕಳಿಗೆಲ್ಲ ಒಂದೇ ಮೂತಿ, ಲಂಗ ಅಷ್ಟೇ ಬ್ಯಾರೆ,” ಎಂದರು. ಎತ್ತಿನ ಕೊಂಬು ಕಿವಿಯ ಜಾಗದಿಂದ ಹುಟ್ಟಿದೆಯೆಂದು ಎರಡು ದಿನ ಕೊರಗಿದರು.

ಆ ವಾರವೇ ಅವರ ಮುದುಕ ಗುಡ್ಡದ ತುದಿಗೆ ಹೋಗಿ ನಿಂತ. ಕೆಳಗೆ ಆಳ ಕಣಿವೆ. ನಾನು ಪಕ್ಕದಲ್ಲಿದ್ದೆ. ಗುತ್ತೆಪ್ಪನವರು ಕುರ್ಚಿಗೆ ಬೆನ್ನೊತ್ತಿ ಕೂತಿದ್ದರು, ಮೌಸಿನ ಮೇಲೆ ಅಂಗೈಯ ಬೆವರು. ಐದು ನಿಮಿಷ ಹಾಗೇ. ಆಮೇಲೆ ಜಿಗಿಯುವ ಗುಂಡಿ ಒತ್ತಿಯೇಬಿಟ್ಟರು. ಬೀಳುವಾಗ ಗೊಂಬೆಯ ಬೆನ್ನಿಂದ ದೊಡ್ಡ ಎಲೆಯೊಂದು ಕೊಡೆಯಂತೆ ಬಿಚ್ಚಿಕೊಂಡು, ತೇಲಿ ತೇಲಿ ಹುಲ್ಲಿನ ಮೇಲೆ ಇಳಿಸಿತು. ಅವರು ಅಂಗೈಯನ್ನು ಅಂಗಿಗೆ ಒರೆಸಿಕೊಂಡರು.

“ಹರಿಹರದಾಗ ಬಿದ್ದಾಗ ಕೈಯಾಗಿನ ಬ್ರಷ್ ಬಿಟ್ಟಿರಲಿಲ್ಲ ನಾನು,” ಎಂದರು. “ಅದನ್ನ ಬಿಟ್ಟಿದ್ರೆ ಕಂಬ ಹಿಡ್ಕೊಬಹುದಿತ್ತು. ಆಸ್ಪತ್ರೆಯಾಗ ಮಲ್ಕೊಂಡು ಅದನ್ನೇ ಯೋಚ್ನೆ ಮಾಡಿದ್ದು.”

ಎಂಟು ದಿನವಾಯಿತು. ಗೋಡೆಗೆ ಒಂದು ಹನಿ ಬಣ್ಣ ಬಿದ್ದಿರಲಿಲ್ಲ. ಅಣ್ಣ ಕೊಟ್ಟೂರೇಶ್ ರೇಗಿದ. “ಪೇಂಟರ್ ಕರೆಸಿದೀಯೋ, ಗಿರಾಕಿ ಕರೆಸಿದೀಯೋ?”

ಒಂಬತ್ತನೇ ದಿನ ಗುತ್ತೆಪ್ಪನವರ ಹಿಂದೆಯೇ ಅಂಜಿನವ್ವ ಬಂದರು. ಬಾಗಿಲಲ್ಲೇ ಎರಡು ಸಲ ಸೀನಿ, ಸೊಂಟಕ್ಕೆ ಕೈಯಿಟ್ಟು ನಿಂತರು. “ದಿನಾ ಪೇಂಟಿಂಗ್ ಕೆಲ್ಸ ಅಂತ ಬಸ್ ಹತ್ತತಾನೆ. ಅಂಗಿಗೆ ಒಂದು ಬಣ್ಣದ ಕಲೆ ಇಲ್ಲ. ಎಲ್ಲಿಗೆ ಹೋಗ್ತಾನೆ ಅಂತ ನೋಡೋಕೆ ಬಂದೆ.”

ಗುತ್ತೆಪ್ಪನವರು ತಮ್ಮ ಕುರ್ಚಿ ಬಿಟ್ಟುಕೊಟ್ಟು, ಆಕೆಯನ್ನು ಕೂರಿಸಿ, ಹಿಂದೆ ನಿಂತು ದ್ವೀಪ ತೋರಿಸತೊಡಗಿದರು. ಬಂದರು, ಸೇತುವೆ, ಹತ್ತಿ ಮರಗಳ ಕಾಡು. ಅಂಜಿನವ್ವ ತುಟಿ ಬಿಗಿದುಕೊಂಡೇ ನೋಡಿದರು. ಗುಡ್ಡದ ಹಿಂದಿನ ಊರಲ್ಲಿ ಒಂದು ಗದ್ದೆ ಕಂಡದ್ದೇ ಮುಂದಕ್ಕೆ ಬಾಗಿದರು.

“ಇದು ಭತ್ತಾನಾ?”

“ಹೂಂ, ಅಂಗೇ ಕಾಣ್ತೈತೆ.”

“ಬದು ಎಷ್ಟು ನೇರ ಕಟ್ಟಿದಾರೆ. ಆದ್ರೆ ಈ ನೀರು ಸಾಲಲ್ಲ, ಬುಡ ಕಾಣ್ತೈತೆ.” ಸ್ವಲ್ಪ ಹೊತ್ತು ಬಿಟ್ಟು, “ಆ ಕಡೆ ತೂಬು ಎತ್ತೋಕೆ ಬರಲ್ವಾ?” ಎಂದರು.

ಬರಲಿಲ್ಲ. ಅದು ಬರೀ ಚಿತ್ರ. ಆದರೂ ಅಂಜಿನವ್ವ ಮಧ್ಯಾಹ್ನದ ಬಸ್ಸು ಬಿಟ್ಟು ಸಂಜೆಯ ಬಸ್ಸಿಗೇ ಹೋದರು. ಹೋಗುವಾಗ ನನಗೆ, “ಕಳ್ಳ ಏನಲ್ಲ ಬಿಡವ್ವಾ ಅವ. ಬಿದ್ದ ಮ್ಯಾಲೆ ಇಷ್ಟು ಮಾತಾಡಿದ್ದು ಇವತ್ತೇ ನೋಡಿದ್ದು,” ಎಂದರು.

ಅದೇ ವಾರ ಇನ್ನೊಂದು ಘಟನೆ ನಡೆಯಿತು. ನಮ್ಮಲ್ಲಿ ಆಡಲು ಬರುವ ಅಂಜನಕುಮಾರ ಹರಿಹರದಲ್ಲಿ ಲೇತ್ ಕೆಲಸದವನು. ಸುಮಾ ನರ್ಸಿಂಗ್ ಓದುವವಳು. ದ್ವೀಪದಲ್ಲಿ ಅಡಗಿಸಿಟ್ಟ ಏಳು ಗಂಟೆಗಳನ್ನು ಬಾರಿಸಿದರೆ ಮುಂದಿನ ಸೀಮೆಯ ಬಾಗಿಲು ತೆರೆಯುತ್ತದೆ. ಇಬ್ಬರೂ ಆರು ಬಾರಿಸಿ, ಏಳನೆಯದು ಸಿಗದೆ ಎರಡು ತಿಂಗಳಿಂದ ಒದ್ದಾಡುತ್ತಿದ್ದರು. ಅವರ ಗೊಂಬೆಗಳು ಪಶ್ಚಿಮದ ಕಡಲ ತೀರದಲ್ಲಿ ಅಲೆಯುತ್ತಿರುವುದನ್ನು ಗುತ್ತೆಪ್ಪನವರು ಹಿಂದಿನಿಂದ ನೋಡುತ್ತಾ ನಿಂತರು. ಅಲ್ಲಿ ಸಂಜೆಯ ಹೊತ್ತು, ಸೂರ್ಯ ಸಮುದ್ರದ ಮೇಲಿದ್ದ.

“ಆ ಮೂರನೇ ಬಂಡೆ ಸುಳ್ಳು ಹೇಳ್ತೈತೆ,” ಎಂದರು.

ಸುಮಾ ತಿರುಗಿ ನೋಡಿದಳು. “ಹೆಂಗೆ ಅಂಕಲ್?”

“ಸೂರ್ಯ ಇರೋದು ಈ ಕಡೆ. ಎಲ್ಲಾ ಬಂಡೆಗೂ ಆ ಕಡೆ ಅಂಚು ನೀಲಿ ಐತೆ. ಇದೊಂದಕ್ಕೆ ಕೆಳಗಿನ ಅಂಚಿನಾಗ ಸಣ್ಣ ಹಳದಿ ಗೆರೆ. ನೆರಳಿನ ಕಡೆ ಹಳದಿ ಎಲ್ಲಿಂದ ಬರ್ತದೆ? ಹಿಂದೆ ದೀಪ ಐತೆ. ದೀಪ ಐತೆ ಅಂದ್ರೆ ಜಾಗ ಐತೆ.”

ಅಂಜನಕುಮಾರ ನಂಬಲಿಲ್ಲ. “ನೂರು ಸಲ ಹೋಗೀವಿ ಅಲ್ಲಿ, ಏನೂ ಇಲ್ರಿ.” ಆದರೂ ಸುಮಾ ತನ್ನ ಗೊಂಬೆಯನ್ನು ಆ ಬಂಡೆಯ ಹಿಂದಿನ ನೀರಿಗೆ ಇಳಿಸಿ ಮುಳುಗಿಸಿದಳು. ನೀರೊಳಗೆ ಒಂದು ಸಂದು. ಸಂದಿನಾಚೆ ಗುಹೆ, ಗುಹೆಯಲ್ಲಿ ಉರಿಯುವ ಪಂಜು, ಪಂಜಿನ ಪಕ್ಕದಲ್ಲಿ ಏಳನೇ ಗಂಟೆ.

ಅಂಗಡಿಯಲ್ಲಿದ್ದ ಹನ್ನೊಂದು ಜನವೂ ಎದ್ದು ಬಂದರು. “ನೀವೇ ಬಾರಿಸ್ರಿ ಅಂಕಲ್,” ಎಂದು ಸುಮಾ ಕೀಬೋರ್ಡ್ ಸರಿಸಿದಳು. ಗುತ್ತೆಪ್ಪನವರು ಒಂದು ಬೆರಳಿನಿಂದ, ಹುಷಾರಾಗಿ, ಗುಂಡಿ ಒತ್ತಿದರು. ಗಂಟೆಯ ಸದ್ದಿಗೆ ಅಂಜನಕುಮಾರ ಅವರನ್ನು ತಬ್ಬಿಕೊಂಡೇಬಿಟ್ಟ. ಅವರಿಗೆ ಗಂಟೆಗಿಂತ ಆ ಹಳದಿ ಗೆರೆಯದೇ ಸಂಭ್ರಮ. “ನೋಡೋ ಕಣ್ಣು ಬಂದೇ ಬರ್ತೈತೆ ಅಂತ ನಂಬಿ ಬರ್ದಾನೆ ನೋಡು,” ಎಂದು ಮತ್ತೆ ಮತ್ತೆ ಹೇಳಿದರು. ಅಣ್ಣ ಕೊಟ್ಟೂರೇಶ್ ಅವತ್ತಿನಿಂದ ಗೋಡೆಯ ಮಾತೆತ್ತಲಿಲ್ಲ.

ಸೋಮವಾರ ಅವರೇ ಬಣ್ಣದ ಡಬ್ಬಿಗಳೊಂದಿಗೆ ಇಳಿದರು. ಕರಿ ಡಬ್ಬಿ ತಂದಿರಲಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದಾಗ ಗೊತ್ತಾಯಿತು, ನಾನು ಮೊಬೈಲಿನಲ್ಲಿ ತೋರಿಸಿದ ಚಿತ್ರ ಅದಲ್ಲ. ಗುಡ್ಡದ ಹಿಂದಿನ ಊರಿನಿಂದ ಕಾಣುವ ದ್ವೀಪ. ಗೋಡೆಯ ಉಬ್ಬುಗಳನ್ನೇ ಬಂಡೆ ಮಾಡಿದರು, ತಗ್ಗುಗಳನ್ನು ಕಣಿವೆ ಮಾಡಿದರು. ಎತ್ತಿನ ಕೊಂಬನ್ನು ಸರಿಯಾದ ಜಾಗದಲ್ಲಿ ಬರೆದರು. ಗದ್ದೆಯಲ್ಲಿ ನೀರು ತುಂಬಾ ಇತ್ತು.

ಆದರೆ ಏಣಿಯ ಮೂರನೇ ಮೆಟ್ಟಿಲು ಹತ್ತಿದವರು ಅಲ್ಲೇ ನಿಂತರು. ಎರಡೂ ಕೈಯಿಂದ ಏಣಿಯನ್ನೇ ಹಿಡಿದುಕೊಂಡಿದ್ದರು. ಕೆಳಗಿಳಿದು ಏಣಿಯನ್ನು ನೋಡಿದರು, ನನ್ನನ್ನು ನೋಡಿದರು.

“ಆಟದಾಗ ಎಲೆ ಬಿಚ್ಕೊಂತೈತೆ. ಇಲ್ಲಿ ಬಿಚ್ಚಲ್ಲ,” ಎಂದು ಸುಮ್ಮನೆ ನಕ್ಕರು. “ಆಕಾಶ ನೀನು ಬಳಿ ತಾಯಿ. ನಾನು ಹೇಳ್ತೀನಿ.”

ಬದುಕಿನಲ್ಲಿ ಬ್ರಷ್ ಹಿಡಿಯದ ನಾನು ನಾಲ್ಕು ದಿನ ಏಣಿ ಮೇಲೆ ನಿಂತು ಆಕಾಶ ಬಳಿದೆ. ಅವರು ಕೆಳಗಿನಿಂದ ಹೇಳುತ್ತಿದ್ದರು: ಮೇಲೆ ದಪ್ಪ, ಕೆಳಗೆ ಬರ್ತಾ ತೆಳು, ಕೈ ನಿಲ್ಲಿಸಬ್ಯಾಡ, ಒಣಗೋಕೆ ಮುಂಚೆ ಇನ್ನೊಂದು ಬಣ್ಣ ತಾಗಿಸು. ಎರಡು ಕಡೆ ನನ್ನ ಕೈ ತಪ್ಪಿ ಕಲೆ ಆಯಿತು. “ಇರ್ಲಿ ಬಿಡು, ಮೋಡ ಆತು,” ಎಂದರು. ಗೋಡೆ ಮುಗಿಯಲು ಹದಿಮೂರು ದಿನ ಹಿಡಿಯಿತು.

ನೋಡಲು ಬಂದವರಲ್ಲಿ ಅಪ್ಪನ ಮಾರ್ಕೆಟ್ ಗೆಳೆಯರೂ ಇದ್ದರು. ಕಂಪ್ಯೂಟರ್ ಕಡೆ ತಿರುಗಿಯೂ ನೋಡದ ಆ ಹಿರಿಯರು ಗೋಡೆ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಸುಮಾ ತೆಗೆದ ಫೋಟೋ ನೋಡಿ ಆಟದಲ್ಲಿ ಸಿಕ್ಕ ಯಾರೋ ದೂರ ದೇಶದವರು, ಈ ಜಾಗ ದ್ವೀಪದಲ್ಲಿ ಎಲ್ಲಿದೆ, ನಾವು ನೋಡೇ ಇಲ್ಲವಲ್ಲ ಎಂದು ಕೇಳಿದರು. ಹರಿಹರದ ಒಂದು ಅಂಗನವಾಡಿಯವರು ತಮ್ಮ ಗೋಡೆಗೆ ಕರೆದರು. ಕುಳ್ಳ ಗೋಡೆ, ಏಣಿ ಬೇಕಾಗಲಿಲ್ಲ.

ಗುತ್ತೆಪ್ಪನವರು ಈಗಲೂ ಗುರುವಾರ ಗುರುವಾರ ಬರುತ್ತಾರೆ. ಈಗಲೂ ಯಾರನ್ನೂ ಹೊಡೆಯುವುದಿಲ್ಲ. ಆದರೆ ವೈದ್ಯನಾದ್ದರಿಂದ ಸುಮಾಳ ಗುಂಪಿನವರು ಗಾಯಗೊಂಡರೆ ಮದ್ದು ಹಾಕುವುದನ್ನು ಕಲಿತಿದ್ದಾರೆ. ಕಳೆದ ತಿಂಗಳು ಆಟದಲ್ಲಿ ಹೊಸ ಸೀಮೆ ತೆರೆಯಿತು, ಪೂರಾ ಹಿಮದ್ದು. ಸುದ್ದಿ ತಿಳಿದು ಮೊದಲ ಬಸ್ಸಿಗೇ ಬಂದರು. ನಾನು ಶೆಟರ್ ಎತ್ತುವ ಮೊದಲೇ ಬಾಗಿಲಲ್ಲಿದ್ದರು. ಮಧ್ಯಾಹ್ನದವರೆಗೆ ಹಿಮದಲ್ಲಿ ನಡೆದರು, ಊಟಕ್ಕೂ ಏಳಲಿಲ್ಲ.

“ನಂದಿಗುಡಿಯ ನಾಟಕದವ್ರು ಕೈಲಾಸದ ಪರದೆ ಕೇಳ್ಯಾರೆ,” ಎಂದರು ಆಮೇಲೆ. “ಇಷ್ಟು ವರ್ಷ ಹಿಮ ಅಂದ್ರೆ ಸುಣ್ಣ ಬಳ್ದಂಗೆ ಬಿಳಿ ಬಳೀತಿದ್ದೆ. ಹಿಮ ನೋಡಿದ್ರಲ್ವಾ ಗೊತ್ತಾಗೋದು? ಇದರಾಗ ಗುಲಾಬಿ ಐತೆ, ಹಸಿರೂ ಐತೆ.”

ಒಂದು ಚೀಟಿಯಲ್ಲಿ ಬೇಕಾದ ಬಣ್ಣಗಳನ್ನು ಬರೆದುಕೊಂಡರು. ಬಣ್ಣದ ಅಂಗಡಿ ನಮ್ಮ ಬೀದಿಯ ಕೊನೆಯಲ್ಲೇ ಇದೆ. ಅಂಗಡಿಯವನು ಕೈಲಾಸಕ್ಕೆ ಗುಲಾಬಿ ಯಾಕೆ ಎಂದು ಕೇಳಿದನಂತೆ. ಪರದೆ ಕಟ್ಟಿದ ದಿನ ಬಂದು ನೋಡು ಎಂದರಂತೆ ಗುತ್ತೆಪ್ಪನವರು.