ಮಸ್ಕತ್‌ನಿಂದ ಮೂರು ತಾಸು

ಫರಹತ ನಮ್ಮ ಎದುರು ಮನೆಯ ಹುಡುಗಿ. ಮುದ್ದೇಬಿಹಾಳದಲ್ಲಿ ಓದಿ ನರ್ಸ್ ಆದವಳು, ಈಗ ಆರು ವರ್ಷದಿಂದ ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿದ್ದಾಳೆ. ಅವಳ ದುಡಿಮೆಯಲ್ಲೇ ಮನೆ ನಡೆಯಿತು, ತಮ್ಮ ಸರ್ಫರಾಜನ ಮೊಬೈಲ್ ಅಂಗಡಿ ಎದ್ದು ನಿಂತಿತು, ಅವನ ಮದುವೆಯೂ ಆಯಿತು. ಇವಳ ಮದುವೆಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬಂದರೆ ಅವರ ಗಂಟೇನು ಹೋಗುತ್ತಿತ್ತೋ!

ತಾಯಿ ಶಮಶಾದಬಿಗೆ ಎದೆನೋವು. ಮಗಳ ವಿಡಿಯೋ ಕಾಲ್ ಬಂದಾಗಲೆಲ್ಲ ಕಣ್ಣೊರೆಸಿಕೊಂಡು, "ಎಷ್ಟ್ ದೂರ ಹೋಗಿ ಕುಂತೀಯವ್ವಾ" ಎನ್ನುತ್ತಿದ್ದಳು. ಫರಹತ ಒಮ್ಮೆ ಎರಡು ವಿಮಾನ ನಿಲ್ದಾಣಗಳ ನಡುವೆ ಗೆರೆ ಎಳೆದ ನಕಾಶೆ ಕಳಿಸಿದಳು. "ನೋಡಮ್ಮಾ, ಹೈದರಾಬಾದಿಗೆ ಮೂರು ತಾಸ್ ಅಷ್ಟ. ನೀ ಹೂಂ ಅಂದ್ರ ಬಂದಬಿಡ್ತೇನಿ." ತಾಯಿಯ ಸಮಾಧಾನಕ್ಕೆ ಆಡಿದ ಮಾತು. ಮುದುಕಿ ಅದನ್ನು ಓಣಿಗೆಲ್ಲ ಹೇಳಿದಳು. "ನನ್ನ ಮಗಳು ಬೆಳಗಾವಿಗಿಂತ ಸಮೀಪ ಅದಾಳ!"

ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ ಶಮಶಾದಬಿ ತೀರಿಕೊಂಡಳು. ಸೊಸೆ ಚೀರಿದಾಗ ಮೊದಲು ಓಡಿದವಳು ನಾನು. ಸ್ವಲ್ಪ ಹೊತ್ತಿಗೆ ಫರಹತಳ ಫೋನು ಬಂತು.

"ಭಾಗ್ಯಕ್ಕಾ, ರಾತ್ರಿ ವಿಮಾನಕ್ಕ ಟಿಕೀಟ್ ಸಿಕ್ಕೈತಿ. ನಾಳೆ ಮುಂಜಾನೆ ಬರ್ತೇನಿ. ಅಲ್ಲೀತನಕ ದಫನ್ ಮಾಡಬ್ಯಾಡಂತ, ಮಣ್ಣಿಗೆ ಇಡಬ್ಯಾಡಂತ ಹೇಳ್ರಿ. ಅಮ್ಮನ ಮುಖ ನೋಡಬೇಕು ನಾ."

ಹೇಳಿದೆ. ಅಂಗಳದಲ್ಲಿ ಕುಳಿತಿದ್ದ ಅವರ ಚಿಕ್ಕಪ್ಪ ದಿಲಾವರ, "ಎಷ್ಟ್ ತಾಸಿನ ದಾರಿ ಐತಿ?" ಎಂದು ಕೇಳಿದ. ಸರ್ಫರಾಜ ಫೋನಿನಲ್ಲಿ ಅದೇ ನಕಾಶೆ ತೆಗೆದು ಎಲ್ಲರಿಗೂ ತೋರಿಸಿದ. ಸುಡಲಿ ಆ ಫೋನು!

"ಮೂರು ತಾಸಿನ ದಾರಿಗೆ ನಾಳೆ ಯಾಕ? ಮಯ್ಯತ್ ಮನ್ಯಾಗ ಅಷ್ಟೊತ್ತು ಇಡಬಾರದು. ಸಂಜಿ ಅಸರ್ ನಮಾಜ್ ತನಕ ಕಾಯೂನು. ಬರೂ ಮನಸಿದ್ದಾಕಿ ಬರ್ತಾಳ," ಎಂದ ದಿಲಾವರ.

ನನಗೆ ತಡೆಯಲಾಗಲಿಲ್ಲ. "ವಿಮಾನ ಏನ್ ಟಂಟಂ ಏನ್ರಿ, ಕೈ ಮಾಡಿದಲ್ಲೆ ನಿಲ್ಲಾಕ? ಹೈದರಾಬಾದಿನಿಂದ ಇಲ್ಲಿಗೆ ಕಾರಿನ್ಯಾಗ ಏಳೆಂಟು ತಾಸು ಬ್ಯಾಡೇನು?"

"ಇದು ನಮ್ಮ ಮನಿ ಮಾತು. ನೀವು ಸುಮ್ಮಿರ್ರಿ ಅಕ್ಕಾರ," ಎಂದ ಸರ್ಫರಾಜ. ಸಂಜೆ ನಮಾಜು ಮುಗಿದದ್ದೇ ತಾಯಿಯನ್ನು ಎತ್ತಿಕೊಂಡು ಹೋದರು.

ಮರುದಿನ ಬಿಸಿಲೇರುವ ಹೊತ್ತಿಗೆ ಬಾಡಿಗೆ ಕಾರು ಬಂದು ನಿಂತಿತು. ಬಾಗಿಲಲ್ಲಿ ತಮ್ಮ ಅಂದದ್ದು ಇಷ್ಟೇ. "ಮೂರು ತಾಸಿನ ದಾರಿ. ಒಂದು ದಿನಾ ಹಿಡೀತು ನಿನಗ." ಅವಳು ಅವನ ಮುಖ ಕೂಡ ನೋಡಲಿಲ್ಲ. ನೆಟ್ಟಗೆ ನಮ್ಮ ಮನೆಗೆ ಬಂದು ನೆಲದ ಮೇಲೆ ಕುಳಿತಳು.

"ಹೆಂಗಿತ್ತಕ್ಕಾ ಅಮ್ಮನ ಮುಖ?"

"ನಿದ್ದಿ ಹತ್ತಿದಂಗ ಇತ್ತವ್ವಾ."

"ಬಾಯಿ ಮುಚ್ಚಿತ್ತೇನು?"

"ಮುಚ್ಚಿತ್ತು."

ಆಸ್ಪತ್ರೆಯಲ್ಲಿ ಕಂಡವರ ಹೆಣಕ್ಕೆಲ್ಲ ಕಣ್ಣು ಬಾಯಿ ಮುಚ್ಚಿ ಮರ್ಯಾದೆ ಮಾಡಿದ ಹುಡುಗಿ, ಅದಕ್ಕೇ ಕೇಳಿದಳು. "ಕಣ್ಣು ಯಾರು ಮುಚ್ಚಿದ್ರು?"

"ನಾನವ್ವಾ."

ನನ್ನ ಬಲಗೈ ಎಳೆದುಕೊಂಡು, ಅದರೊಳಗೆ ಮುಖ ಇಟ್ಟು ಅತ್ತಳು. ಬಹಳ ಹೊತ್ತು ಕೈ ಬಿಡಲಿಲ್ಲ.