ಬಾವುಟವಿಲ್ಲದ ಕಡಲು

ಎರಡು ದಿನ ಸಮುದ್ರದ ಮುಂದೆ ಕುಳಿತೇ ಇದ್ದೆವು, ನೀರಿಗೆ ಇಳಿಯಲಿಲ್ಲ. ಕಾರಣ ನಾನು.

2014ರ ಜುಲೈ. ಅಡಿಲೇಡ್‌ನ ಚಳಿಯಿಂದ ತಪ್ಪಿಸಿಕೊಂಡು ನಾನು, ಪರ್ತ್‌ನ ಗಣಿ ಕೆಲಸಕ್ಕೆ ರಜೆ ಹಾಕಿ ರವೀಂದ್ರ, ಬ್ರಿಸ್ಬೇನ್‌ನಿಂದ ಶೈಲಾ. ಮೈಸೂರಿನಲ್ಲಿ ಒಟ್ಟಿಗೆ ಓದಿದ ಮೂವರು, ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಹತ್ತು ದಿನ ಏನೂ ಮಾಡದೆ ಇರೋಣ ಎಂದು ಹೋಗಿದ್ದೆವು.

ಏನೂ ಮಾಡದೆ ಇರುವುದು ನಮ್ಮಿಬ್ಬರಿಗೆ. ಶೈಲಾಗೆ ಒಂದು ಕೆಲಸವಿತ್ತು.

ಹಿಂದಿನ ವರ್ಷವಷ್ಟೇ ಅವಳು ಬ್ರಿಸ್ಬೇನ್‌ನ ಸೇಂಟ್ ಲೂಸಿಯಾ ಬಡಾವಣೆಯ ಈಜುಕೊಳದಲ್ಲಿ, ಎಂಟು ವರ್ಷದ ಮಕ್ಕಳ ಜೊತೆ ಈಜು ಕಲಿತಿದ್ದಳು. ಸಮುದ್ರದಲ್ಲಿ ಒಮ್ಮೆಯೂ ಈಜಿರಲಿಲ್ಲ. ಅದಕ್ಕಾಗಿ ಕ್ರೀಟ್‌ನ ಈ ಸಣ್ಣ ಕೊಲ್ಲಿಯನ್ನು ಹುಡುಕಿದ್ದೇ ಅವಳು. ದೊಡ್ಡ ಅಲೆಯಿಲ್ಲ, ಬೆಚ್ಚಗಿನ ನೀರು.

ಆದರೆ ಬಾವುಟ ಇಲ್ಲ...

ಆಸ್ಟ್ರೇಲಿಯಾದಲ್ಲಿ ಇರುವವರಿಗೆ ಗೊತ್ತು. ಬೀಚ್‌ನಲ್ಲಿ ಎರಡು ಕೆಂಪು-ಹಳದಿ ಬಾವುಟ ನೆಟ್ಟಿರುತ್ತಾರೆ, ಅವುಗಳ ನಡುವೆ ಮಾತ್ರ ಈಜಬೇಕು, ಅಲ್ಲಿ ಲೈಫ್‌ಗಾರ್ಡ್ ಕಣ್ಣಿಟ್ಟಿರುತ್ತಾರೆ. ಮುಳುಗಿದವರ ಸುದ್ದಿಗಳಲ್ಲಿ ನಮ್ಮ ಕಡೆಯ ಹೆಸರುಗಳನ್ನು ಓದಿದ್ದೇನೆ. ನಾನು ಅಂಥದ್ದನ್ನು ಮರೆಯುವವನಲ್ಲ. ಅವರಿಬ್ಬರಿಗೂ ಬಾವುಟ ನೋಡಿಯೇ ಅಭ್ಯಾಸ, ಹಾಗಾಗಿ ನನ್ನ ಮಾತು ನಡೆಯಿತು.

ಎರಡನೇ ದಿನ ಸಿಟ್ಟು ನೆತ್ತಿಗೇರಿ ಊರಿನ ಪಂಚಾಯ್ತಿ ಆಫೀಸಿಗೇ ಹೋದೆ. ಅಡಿಲೇಡ್‌ನ ನಮ್ಮ ಬಡಾವಣೆ ಕಿಲ್ಬರ್ನ್‌ನಲ್ಲಿ ಬೀದಿ ದೀಪಕ್ಕಾಗಿ ಪತ್ರ ಬರೆದು ಪಳಗಿದ ಕೈ ನನ್ನದು. ನಾಗರಿಕತೆಯ ತೊಟ್ಟಿಲು ಎಂದು ಹೈಸ್ಕೂಲಿನಿಂದ ಓದಿಕೊಂಡು ಬಂದ ದೇಶ, ಎರಡು ಬಾವುಟ ನೆಡಲು ಆಗದೇ ಎಂದು ಕೇಳಿದೆ.

ಅಲ್ಲಿದ್ದ ಹೆಂಗಸು ನನಗೊಂದು ಐಸ್ ಕಾಫಿ ಕೊಟ್ಟರು. ತಮ್ಮ ಅಜ್ಜಿ ದಿನಾ ಬೆಳಿಗ್ಗೆ ಎಂಟಕ್ಕೆ ಅಲ್ಲೇ ಈಜುತ್ತಾರೆ, ಅನುಮಾನವಿದ್ದರೆ ಅವರನ್ನೇ ಕೇಳಿ ಎಂದರು.

ಇದನ್ನೆಲ್ಲ ಬಂದು ಕೋಪದಿಂದ ವರದಿ ಮಾಡಿದೆ. ರವೀಂದ್ರ ಆಲಿವ್ ತಿನ್ನುತ್ತ ಬಿದ್ದು ಬಿದ್ದು ನಕ್ಕ. ಶೈಲಾ ನಗಲಿಲ್ಲ.

"ಥರ್ಡ್ ಇಯರ್ ಟ್ರಿಪ್ ನೆನಪಿದ್ಯೇನೋ? ಕಾರವಾರ. ಹುಡುಗೀರು ನೀರಿಗೆ ಇಳೀಬಾರ್ದು ಅಂದ್ರು ಮೇಷ್ಟ್ರು."

ನೆನಪಿತ್ತು. ಆ ಮೇಷ್ಟ್ರ ಮೇಲೆ ಇಂದಿಗೂ ಸಿಟ್ಟಿದೆ ಎಂದೆ.

"ಇರ್ಲಿ ಬಿಡು. ನಿನ್ ವಾಚ್ ಬಿಚ್ಚಿ ನನ್ ಕೈಗೆ ಕೊಟ್ಟು ನೀರಿಗೆ ಹೋದೆ ನೀನು. ಎರಡು ಗಂಟೆ ಅದನ್ನ ಹಿಡ್ಕೊಂಡು ಮರಳಲ್ಲಿ ಕೂತಿದ್ದೆ."

ಯಾವ ಸರ್ಕಾರ ಯಾವಾಗ ಮಾತಿಗೆ ತಪ್ಪಿತು ಎಂದು ನಿದ್ದೆಯಲ್ಲೂ ಹೇಳಬಲ್ಲೆ. ವಾಚ್ ಮಾತ್ರ ನೆನಪಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮೂವರೂ ದಡದಲ್ಲಿ. ನೀರಿನಲ್ಲಿ ಏಳೆಂಟು ಅಜ್ಜಿಯರು. ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಕುತ್ತಿಗೆವರೆಗೆ ನೀರು. ದುಂಡಗೆ ಸೇರಿ ತೇಲಿಕೊಂಡೇ ಜೋರು ಹರಟೆ, ಸಂತೆಯೇ ಕಡಲಿಗೆ ಇಳಿದ ಹಾಗೆ.

ಶೈಲಾ ಟವೆಲ್ ಕೆಳಗೆ ಹಾಕಿದಳು. ನಾನು ಬಾಯಿ ತೆರೆದೆ.

"ಹೇಳ್ಬೇಡ" ಎಂದಳು. ಹೇಳಲಿಲ್ಲ.

ಮಂಡಿ, ಸೊಂಟ, ಎದೆ... ಒಂದು ಕ್ಷಣ ಅವಳ ತಲೆ ಕಾಣುವುದಿಲ್ಲ. ಆಮೇಲೆ ಕೈಗಳು ಕಾಣುತ್ತವೆ, ಒಂದಾದ ಮೇಲೊಂದು, ಮಕ್ಕಳ ಹಾಗೆ ಅಚ್ಚುಕಟ್ಟಾಗಿ.

ಅಜ್ಜಿಯರು ಹರಟೆ ನಿಲ್ಲಿಸದೆಯೇ ಅತ್ತಿತ್ತ ಸರಿದು ಜಾಗ ಮಾಡಿದರು. ಗ್ರೀಕ್ ಭಾಷೆಯ ಒಂದಕ್ಷರ ಬಾರದವಳು ಅರ್ಧ ಗಂಟೆ ಅವರ ನಡುವೆ ತೇಲುತ್ತ, ಎಲ್ಲದಕ್ಕೂ ಹೌದು ಹೌದು ಎಂದು ತಲೆಯಾಡಿಸಿದಳು. ರವೀಂದ್ರನೂ ಧಡಬಡನೆ ಓಡಿ ನೀರಿಗೆ ಬಿದ್ದ.

ನಾನು ಸೊಂಟದವರೆಗೆ ಹೋಗಿ ನಿಂತೆ. ನೀರು ನಿಜಕ್ಕೂ ಬೆಚ್ಚಗಿತ್ತು.

ಊರಿನ ತಪ್ಪುಗಳನ್ನೆಲ್ಲ ನೆನಪಿಟ್ಟುಕೊಂಡವರೇ, ಆ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ ಎಂದು ಯಾವತ್ತಾದರೂ ಹುಡುಕಿದ್ದೀರಾ?